ಎಕ್ಸೆಲ್ ಮ್ಯಾಕ್ರೋದಲ್ಲಿ ಫೈಲಿನ ಹೆಸರನ್ನು ವೇರಿಯೇಬಲ್‌ಗಳಿಂದ ಕಟ್ಟುವ ಬಗೆ

ಮ್ಯಾಕ್ರೋ ಎಂದರೆ ಎಕ್ಸೆಲ್ ತಾನಾಗಿ ನಡೆಸುವ ಆದೇಶಗಳ ಸರಣಿ. ಎಕ್ಸೆಲ್‌ನ ಮ್ಯಾಕ್ರೋ ರೆಕಾರ್ಡರ್ ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದುಕೊಳ್ಳುತ್ತದೆ. ಜನವರಿ ತಿಂಗಳ ವರದಿಯನ್ನು ಸೇವ್ ಮಾಡುವಾಗ ರೆಕಾರ್ಡ್ ಮಾಡಿದರೆ, ಫೋಲ್ಡರಿನ ಹೆಸರು, ಫೈಲಿನ ಹೆಸರು, ಎಕ್ಸ್‌ಟೆನ್ಷನ್ ಎಲ್ಲವೂ ಉದ್ಧರಣ ಚಿಹ್ನೆಗಳ ನಡುವೆ ಒಂದೇ ಉದ್ದನೆಯ ಸಾಲಾಗಿ ಕುಳಿತುಬಿಡುತ್ತವೆ. ಫೆಬ್ರವರಿಯಲ್ಲಿ ಅದೇ ಮ್ಯಾಕ್ರೋವನ್ನು ಓಡಿಸಿದಾಗ ಅದು ಮತ್ತೆ ಜನವರಿಯ ಫೈಲಿನ ಮೇಲೆಯೇ ಬರೆಯಲು ಹೊರಡುತ್ತದೆ. ಹೆಸರಿನ ಬದಲಾಗುವ ಭಾಗವನ್ನು ವೇರಿಯೇಬಲ್‌ಗೆ, ಅಂದರೆ ಬೇಕಾದ ಬೆಲೆಯನ್ನು (ಮೌಲ್ಯವನ್ನು) ತುಂಬಿಡುವ ಡಬ್ಬಿಗೆ, ವಹಿಸಬೇಕಾದ ಅಗತ್ಯ ಬರುವುದು ಇಲ್ಲಿಯೇ. ಮ್ಯಾಕ್ರೋಗಳನ್ನು ಬರೆಯುವ ಭಾಷೆಯಾದ ವಿಬಿಎ ಎಕ್ಸೆಲ್‌ಗೆ ಬಂದದ್ದು 1993ರಲ್ಲಿ, ಐದನೆಯ ಆವೃತ್ತಿಯೊಂದಿಗೆ. ಈ ಕೆಲಸಕ್ಕೆ ಬೇಕಾದ ಮೂಲ ಸಲಕರಣೆಗಳು ಅಂದಿನಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿರುವುದು ಫೈಲುಗಳು ಕೂರುವ ಜಾಗ ಮಾತ್ರ. ಅದರ ತೊಡಕನ್ನು ಮುಂದೆ ನೋಡೋಣ.

ಈ ಲೇಖನದಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ವೇರಿಯೇಬಲ್ ಬಳಸಲು ಶುರುಮಾಡಿದವರು ಮೊದಲು ಎಡವುವುದು ಉದ್ಧರಣ ಚಿಹ್ನೆಯ ಬಳಿ. "ರಿಪೋರ್ಟ್_ತಿಂಗಳು" ಎಂದು ಬರೆದು, ತಿಂಗಳು ಎಂಬ ವೇರಿಯೇಬಲ್‌ನಲ್ಲಿರುವ ಬೆಲೆ ಅಲ್ಲಿ ಬಂದು ಸೇರುತ್ತದೆ ಎಂದು ಕಾಯುವುದು ತೀರ ಸಹಜ. ಆದರೆ ವಿಬಿಎ ಉದ್ಧರಣ ಚಿಹ್ನೆಯೊಳಗಿನ ಯಾವುದನ್ನೂ ಅರ್ಥಮಾಡಿಕೊಳ್ಳಲು ಹೋಗುವುದಿಲ್ಲ. ಒಳಗಿರುವುದೆಲ್ಲ ಅದಕ್ಕೆ ಬರಿಯ ಅಕ್ಷರಗಳು. ಆದ್ದರಿಂದ ಎಂದೂ ಬದಲಾಗದ ಅಕ್ಷರಗಳು ಚಿಹ್ನೆಯ ಒಳಗೆ, ಬದಲಾಗುವ ವೇರಿಯೇಬಲ್ ಚಿಹ್ನೆಯ ಹೊರಗೆ ಇರಬೇಕು; ಎರಡನ್ನೂ ಬೆಸೆಯಲು ನಡುವೆ & ಚಿಹ್ನೆ ಬರಬೇಕು.

ಹೆಸರು = "ರಿಪೋರ್ಟ್_" & ತಿಂಗಳು & ".ಎಕ್ಸ್‌ಎಲ್‌ಎಸ್‌ಎಕ್ಸ್"

ಈ ಸಾಲಿನಲ್ಲಿ & ಚಿಹ್ನೆಯ ಎರಡೂ ಬದಿಗೆ ಬಿಟ್ಟಿರುವ ಜಾಗ ಅಂದಕ್ಕಾಗಿ ಬಿಟ್ಟದ್ದಲ್ಲ. ವಿಬಿಎಯಲ್ಲಿ ವೇರಿಯೇಬಲ್‌ನ ಹೆಸರಿಗೆ ಅಂಟಿಕೊಂಡೇ & ಬಂದರೆ ಅದು "ಈ ವೇರಿಯೇಬಲ್ ಲಾಂಗ್ ಎಂಬ ಬಗೆಯ ಸಂಖ್ಯೆ" ಎಂಬ ಸೂಚನೆಯಾಗುತ್ತದೆ, ಮತ್ತು ಸಾಲು ಕೆಂಪು ಬಣ್ಣಕ್ಕೆ ತಿರುಗುತ್ತದೆ. ಒಂದು ಸ್ಪೇಸ್ ಬಿಟ್ಟರೆ ಸಮಸ್ಯೆ ಮಾಯ. & ಬದಲಿಗೆ + ಬಳಸುವವರೂ ಇದ್ದಾರೆ. ಎರಡೂ ಬದಿಯಲ್ಲಿ ಪಠ್ಯವೇ ಇರುವವರೆಗೆ ಅದೂ ನಡೆಯುತ್ತದೆ, ಆದರೆ ಒಂದು ಬದಿಗೆ ಸಂಖ್ಯೆ ಬಂದ ತಕ್ಷಣ ವಿಬಿಎ ಕೂಡಿಸುವ ಲೆಕ್ಕಕ್ಕೆ ಇಳಿಯುತ್ತದೆ: "5" + 7 ಎಂದರೆ 12, "ರಿಪೋರ್ಟ್" + 7 ಎಂದರೆ 13ನೆಯ ದೋಷ, ಅಂದರೆ ಟೈಪ್ ಮಿಸ್‌ಮ್ಯಾಚ್. ಹೆಸರು ಕಟ್ಟುವ ಕೆಲಸದಲ್ಲಿ + ಚಿಹ್ನೆಯನ್ನು ಬಳಸಲು ಒಂದೇ ಒಂದು ಒಳ್ಳೆಯ ಕಾರಣವೂ ನನಗೆ ಕಾಣುವುದಿಲ್ಲ. ಸಂಖ್ಯೆಯನ್ನು ಪಠ್ಯವಾಗಿಸಲು ಸ್ಟ್ರ್ ಫಂಕ್ಷನ್ ಬಳಸುವವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಧನ ಸಂಖ್ಯೆಯ ಮುಂದೆ ಅದು ಚಿಹ್ನೆಗೆಂದು ಒಂದು ಖಾಲಿ ಜಾಗ ಬಿಡುವುದರಿಂದ, ಫೈಲಿನ ಹೆಸರಿನ ನಡುವೆ ಕಾರಣ ತಿಳಿಯದ ಸ್ಪೇಸ್ ಬಂದು ಕೂರುತ್ತದೆ. ಸಿಸ್ಟ್ರ್ ಎಂಬ ಫಂಕ್ಷನ್ ಹೀಗೆ ಮಾಡುವುದಿಲ್ಲ.

ಇನ್ನು ಫೋಲ್ಡರ್. ಸೇವ್‌ಆ್ಯಸ್ ಆದೇಶಕ್ಕೆ ಬರಿಯ ಫೈಲಿನ ಹೆಸರನ್ನು ಕೊಟ್ಟರೆ ಫೈಲು ಆ ಹೊತ್ತಿನ ಚಾಲ್ತಿ ಫೋಲ್ಡರಿಗೆ ಹೋಗುತ್ತದೆ, ಮತ್ತು ಚಾಲ್ತಿ ಫೋಲ್ಡರ್ ಯಾವುದು ಎಂಬುದು ಸ್ವಲ್ಪ ಮೊದಲು ಬಳಕೆದಾರರು ಯಾವ ಫೈಲನ್ನು ಎಲ್ಲಿಂದ ತೆರೆದಿದ್ದರು ಎಂಬುದರ ಮೇಲೆ ನಿಂತಿರಬಹುದು. "ಮ್ಯಾಕ್ರೋ ಓಡಿತು, ಆದರೆ ಫೈಲೇ ಸಿಗುತ್ತಿಲ್ಲ" ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಹಾಗಾಗಿ ಪೂರ್ಣ ದಾರಿಯನ್ನು ಸ್ಪಷ್ಟವಾಗಿ ಕೊಡಬೇಕು. ಮ್ಯಾಕ್ರೋ ಇರುವ ವರ್ಕ್‌ಬುಕ್ಕಿನ ಪಕ್ಕದಲ್ಲೇ ಫೈಲು ಬೇಕಿದ್ದರೆ ಥಿಸ್‌ವರ್ಕ್‌ಬುಕ್.ಪಾತ್ ಸಾಕು. ಆ್ಯಕ್ಟಿವ್‌ವರ್ಕ್‌ಬುಕ್.ಪಾತ್ ಬೇರೆಯೇ ಸಂಗತಿ. ಅದು ಆ ಕ್ಷಣದಲ್ಲಿ ಪರದೆಯ ಮುಂದಿರುವ ವರ್ಕ್‌ಬುಕ್ಕಿಗೆ ಸಂಬಂಧಿಸಿದ್ದು, ಮ್ಯಾಕ್ರೋ ನಡುವೆ ಇನ್ನೊಂದು ಫೈಲನ್ನು ತೆರೆದರೆ ಬದಲಾಗಿಬಿಡುತ್ತದೆ.

ಪಾತ್ ಕೊಡುವ ದಾರಿಯ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಷ್ ಇರುವುದಿಲ್ಲ. ಅದನ್ನು ನಾವೇ ಸೇರಿಸಬೇಕು. ಮರೆತರೆ ದೋಷವೇನೂ ಬರುವುದಿಲ್ಲ, "ಲೆಕ್ಕ" ಎಂಬ ಫೋಲ್ಡರಿನೊಳಗೆ "ರಿಪೋರ್ಟ್" ಹೋಗುವ ಬದಲು, ಅದರ ಹೊರಗಿನ ಫೋಲ್ಡರಿನಲ್ಲಿ "ಲೆಕ್ಕರಿಪೋರ್ಟ್" ಎಂಬ ಫೈಲು ಹುಟ್ಟುತ್ತದೆ. ದೋಷ ತೋರಿಸದೆ ತಪ್ಪು ಮಾಡುವ ಇಂಥ ಸಾಲುಗಳೇ ಹೆಚ್ಚು ಕಾಡುವಂಥವು. ಚಿಹ್ನೆಯನ್ನು ನೇರವಾಗಿ ಬರೆಯುವ ಬದಲು ಅಪ್ಲಿಕೇಶನ್.ಪಾತ್‌ಸೆಪರೇಟರ್ ಬಳಸಿದರೆ ಅದೇ ಮ್ಯಾಕ್ರೋ ಮ್ಯಾಕ್ ಕಂಪ್ಯೂಟರಿನಲ್ಲೂ ಸರಿಯಾದ ಚಿಹ್ನೆಯನ್ನು ಹಾಕಿಕೊಳ್ಳುತ್ತದೆ. ಇನ್ನೂ ಒಮ್ಮೆಯೂ ಸೇವ್ ಆಗದ ವರ್ಕ್‌ಬುಕ್ಕಿನ ಪಾತ್ ಖಾಲಿ ಪಠ್ಯವಾಗಿರುತ್ತದೆ ಎಂಬುದನ್ನೂ, ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಿಂದ ತೆರೆದ ವರ್ಕ್‌ಬುಕ್ಕಿನ ಪಾತ್ ಡ್ರೈವ್ ಅಕ್ಷರದ ಬದಲು ವೆಬ್ ವಿಳಾಸವಾಗಿ ಬರಬಹುದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ವೆಬ್ ವಿಳಾಸಕ್ಕೆ ಮುಂದಕ್ಕೆ ಬಾಗಿದ ಸ್ಲ್ಯಾಷ್ ಬೇಕು. ಫೈಲು ಇದೆಯೇ ಎಂದು ನೋಡುವ ಡಿರ್‌ನಂಥ ಹಳೆಯ ಫಂಕ್ಷನ್‌ಗಳು ಆ ವಿಳಾಸವನ್ನು ಒಪ್ಪುವುದಿಲ್ಲ. ವರ್ಷಗಟ್ಟಲೆ ಸರಿಯಾಗಿ ನಡೆದ ಮ್ಯಾಕ್ರೋ, ಫೋಲ್ಡರ್ ಕ್ಲೌಡ್‌ಗೆ ಹೋದ ಮರುದಿನವೇ ನಿಂತುಹೋಗುವುದು ಈ ಕಾರಣಕ್ಕೆ.

ಹೆಸರಿನ ಭಾಗಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ದಿನಾಂಕ. "ರಿಪೋರ್ಟ್_" & ಡೇಟ್ ಎಂದು ಬರೆದರೆ ವಿಬಿಎ ಇಂದಿನ ದಿನಾಂಕವನ್ನು ಆ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿರುವ ಚಿಕ್ಕ ದಿನಾಂಕದ ರೂಪಕ್ಕೆ ತಿರುಗಿಸಿ ಅಂಟಿಸುತ್ತದೆ. ಆ ಸೆಟ್ಟಿಂಗ್‌ನಲ್ಲಿ ದಿನ, ತಿಂಗಳು, ವರ್ಷಗಳ ನಡುವೆ ಅಡ್ಡಗೆರೆ ಇದ್ದರೆ ಎಲ್ಲವೂ ಸುಸೂತ್ರ. ಸ್ಲ್ಯಾಷ್ ಇದ್ದರೆ ಹೆಸರು "ರಿಪೋರ್ಟ್_12/03/2025" ಎಂದಾಗುತ್ತದೆ. ವಿಂಡೋಸ್ ಈ ಸ್ಲ್ಯಾಷನ್ನು ಫೋಲ್ಡರ್‌ಗಳನ್ನು ಬೇರ್ಪಡಿಸುವ ಚಿಹ್ನೆಯೆಂದೇ ಓದಿ, "ರಿಪೋರ್ಟ್_12" ಎಂಬ ಫೋಲ್ಡರನ್ನೂ ಅದರೊಳಗೆ "03" ಎಂಬ ಫೋಲ್ಡರನ್ನೂ ಹುಡುಕುತ್ತದೆ. ಸಿಗದಿದ್ದಾಗ ಎಕ್ಸೆಲ್ 1004ನೆಯ ದೋಷವನ್ನು ಮುಂದಿಡುತ್ತದೆ. ಒಬ್ಬರ ಮೇಜಿನ ಮೇಲೆ ನಡೆಯುವ ಮ್ಯಾಕ್ರೋ ಪಕ್ಕದವರ ಮೇಜಿನ ಮೇಲೆ ನಡೆಯದೆ ಇದ್ದರೆ, ಕೋಡನ್ನು ಅನುಮಾನಿಸುವ ಮೊದಲು ಎರಡೂ ಯಂತ್ರಗಳ ದಿನಾಂಕದ ಸೆಟ್ಟಿಂಗ್ ನೋಡಬೇಕು.

ಪರಿಹಾರ ಫಾರ್ಮ್ಯಾಟ್ ಫಂಕ್ಷನ್. ಫಾರ್ಮ್ಯಾಟ್(ಡೇಟ್, "ವೈವೈವೈವೈ-ಎಂಎಂ-ಡಿಡಿ") ಎಂದು ಕೊಟ್ಟರೆ ಯಾವ ಕಂಪ್ಯೂಟರಿನಲ್ಲಿಯೂ 2025-03-12 ಎಂದೇ ಬರುತ್ತದೆ. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಎಂಬ ಈ ಕ್ರಮ ಐಎಸ್‌ಒ 8601 ಮಾನದಂಡದ್ದು. ಅದರ ಅನುಕೂಲವೆಂದರೆ ಫೈಲುಗಳನ್ನು ಹೆಸರಿನ ಪ್ರಕಾರ ಜೋಡಿಸಿದಾಗ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲಿಟ್ಟರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳು ಒಂದೆಡೆ ಗುಂಪುಗೂಡುತ್ತವೆ, ಅದು ಯಾರಿಗೂ ಉಪಯೋಗವಿಲ್ಲ. ಫಾರ್ಮ್ಯಾಟ್‌ನೊಳಗೂ ಸ್ಲ್ಯಾಷ್ ಬರೆದರೆ ಅದು ಸ್ಲ್ಯಾಷ್ ಆಗಿ ಉಳಿಯದೆ, ಸೆಟ್ಟಿಂಗ್‌ನಲ್ಲಿರುವ ಬೇರ್ಪಡಿಕೆಯ ಚಿಹ್ನೆಯಾಗಿ ಬದಲಾಗುತ್ತದೆ ಎಂಬುದು ತಿಳಿದಿರಲಿ. ಎಂಎಂಎಂ ಎಂದು ಮೂರು ಸಲ ಬರೆದರೆ ಬರುವ ತಿಂಗಳ ಹೆಸರೂ ಯಂತ್ರದ ಭಾಷೆಯನ್ನು ಅನುಸರಿಸುವುದರಿಂದ, ಹಲವರು ಬಳಸುವ ಮ್ಯಾಕ್ರೋದಲ್ಲಿ ತಿಂಗಳಿಗೆ ಅಂಕಿಯೇ ಲೇಸು.

ಗಂಟೆ ಮತ್ತು ನಿಮಿಷವನ್ನೂ ಸೇರಿಸುವುದಾದರೆ ಗಂಟೆ-ನಿಮಿಷಗಳ ನಡುವಿನ ಕೋಲನ್ ಫೈಲಿನ ಹೆಸರಿನಲ್ಲಿ ನಿಷಿದ್ಧ ಎಂಬುದು ಒಂದು ತೊಡಕಾದರೆ, ಎಂಎಂ ಎಂಬುದು ತಿಂಗಳಿಗೂ ನಿಮಿಷಕ್ಕೂ ಬಳಕೆಯಾಗುವುದು ಇನ್ನೊಂದು ತೊಡಕು. ಗಂಟೆಯ ಬೆನ್ನಿಗೇ ಬಂದರೆ ಮಾತ್ರ ವಿಬಿಎ ಅದನ್ನು ನಿಮಿಷವೆಂದು ತಿಳಿಯುತ್ತದೆ. ಬೇರೆಡೆ ಅದು ತಿಂಗಳೇ. ನಿಮಿಷಕ್ಕೆಂದೇ ಮೀಸಲಾದ ಎನ್‌ಎನ್ ಬಳಸಿದರೆ ಈ ಊಹೆಯ ಆಟ ಬೇಕಾಗುವುದಿಲ್ಲ.

ಹೆಸರಿನ ಒಂದು ಭಾಗ ಸೆಲ್‌ನಿಂದ ಬರುವುದೂ ಸಾಮಾನ್ಯ: ಗ್ರಾಹಕರ ಹೆಸರು, ಶಾಖೆ, ಬಿಲ್ಲಿನ ಸಂಖ್ಯೆ. ಸೆಲ್‌ನಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಿರಬಹುದು ಎಂಬುದನ್ನು ಮ್ಯಾಕ್ರೋ ಬರೆಯುವವರು ಎಂದೂ ಮರೆಯುವಂತಿಲ್ಲ. ವಿಂಡೋಸ್ ಫೈಲಿನ ಹೆಸರಿನಲ್ಲಿ ಒಂಬತ್ತು ಚಿಹ್ನೆಗಳನ್ನು ಒಪ್ಪುವುದಿಲ್ಲ: \ / : * ? " < > | ಇವು. ವರ್ಕ್‌ಬುಕ್ಕಿನ ಹೆಸರಿನಲ್ಲಿ [ ಮತ್ತು ] ಇದ್ದರೆ ಎಕ್ಸೆಲ್ ಕೂಡ ತಕರಾರು ತೆಗೆಯುತ್ತದೆ, ಏಕೆಂದರೆ ಸೂತ್ರಗಳಲ್ಲಿ ಬೇರೆ ಫೈಲನ್ನು ಉಲ್ಲೇಖಿಸಲು ಅದು ಆ ಕಂಸಗಳನ್ನೇ ಬಳಸುತ್ತದೆ. ಆಲ್ಟ್-ಎಂಟರ್ ಒತ್ತಿ ಸೆಲ್‌ನೊಳಗೆ ಸಾಲು ಮುರಿದಿದ್ದರೆ, ಕಣ್ಣಿಗೆ ಕಾಣದ ಆ ಅಕ್ಷರವೂ ನಿಷಿದ್ಧ. ವೆಬ್‌ಪುಟದಿಂದ ನಕಲು ಮಾಡಿದ ಹೆಸರಿನ ಕೊನೆಯಲ್ಲಿ 160ನೆಯ ಸಂಕೇತದ ಮುರಿಯದ ಸ್ಪೇಸ್ ಅಡಗಿರಬಹುದು. ಟ್ರಿಮ್ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ.

ಇದಕ್ಕಾಗಿ ಒಂದು ಚಿಕ್ಕ ಶುದ್ಧೀಕರಣ ಫಂಕ್ಷನ್ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಿಷಿದ್ಧ ಚಿಹ್ನೆಗಳ ಪಟ್ಟಿಯನ್ನು ಒಂದು ಅರೇಯಲ್ಲಿ ಇಟ್ಟು, ಒಂದೊಂದನ್ನೂ ತೆಗೆದುಕೊಂಡು, ಕೆಳಗಿನ ಸಾಲನ್ನು ಮತ್ತೆ ಮತ್ತೆ ನಡೆಸಿದರೆ ಆಯಿತು.

ಭಾಗ = ರಿಪ್ಲೇಸ್(ಭಾಗ, ಚಿಹ್ನೆ, "-")

ಈ ಫಂಕ್ಷನ್‌ಗೆ ಕಳುಹಿಸಬೇಕಾದದ್ದು ಸೆಲ್‌ನಿಂದ ಬಂದ ಭಾಗವನ್ನು ಮಾತ್ರ. ಕಟ್ಟಿ ಮುಗಿದ ಪೂರ್ಣ ದಾರಿಯನ್ನೇ ಕಳುಹಿಸಿದರೆ ಡ್ರೈವ್ ಅಕ್ಷರದ ಪಕ್ಕದ ಕೋಲನ್, ಫೋಲ್ಡರುಗಳ ನಡುವಿನ ಬ್ಯಾಕ್‌ಸ್ಲ್ಯಾಷ್ ಎಲ್ಲವೂ ಅಡ್ಡಗೆರೆಗಳಾಗಿ, ದಾರಿಯೇ ಉಳಿಯುವುದಿಲ್ಲ.

ಸೆಲ್‌ನಿಂದ ಓದುವಾಗ .ವ್ಯಾಲ್ಯೂ ಬಳಸಬೇಕೋ .ಟೆಕ್ಸ್ಟ್ ಬಳಸಬೇಕೋ ಎಂಬ ಪ್ರಶ್ನೆಯೂ ಬರುತ್ತದೆ. .ಟೆಕ್ಸ್ಟ್ ಪರದೆಯ ಮೇಲೆ ಕಾಣುವುದನ್ನೇ ಕೊಡುತ್ತದೆ, ಹಾಗಾಗಿ 0042 ಎಂದು ಕಾಣುವ ಬಿಲ್ಲಿನ ಸಂಖ್ಯೆ 0042 ಆಗಿಯೇ ಬರುತ್ತದೆ; .ವ್ಯಾಲ್ಯೂ ಕೊಡುವುದು ಬರಿಯ 42 ಇರಬಹುದು. ಆದರೆ ಯಾರಾದರೂ ಕಾಲಮ್ಮನ್ನು ಕಿರಿದು ಮಾಡಿದ್ದರೆ ಸೆಲ್‌ನಲ್ಲಿ ಕಾಣುವುದು ######## ಮಾತ್ರ, ಮತ್ತು .ಟೆಕ್ಸ್ಟ್ ಅದನ್ನೇ ನಿಷ್ಠೆಯಿಂದ ಎತ್ತಿ ಕೊಡುತ್ತದೆ. # ಚಿಹ್ನೆ ನಿಷಿದ್ಧ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಆ ಹೆಸರಿನಲ್ಲೇ ಫೈಲೂ ಸೇವ್ ಆಗುತ್ತದೆ. .ವ್ಯಾಲ್ಯೂ ತೆಗೆದುಕೊಂಡು, ಬೇಕಾದ ರೂಪವನ್ನು ಫಾರ್ಮ್ಯಾಟ್(ಸಂಖ್ಯೆ, "0000") ಎಂದು ನಾವೇ ಕೊಡುವುದು ಹೆಚ್ಚು ಭದ್ರ.

ಕನ್ನಡದಲ್ಲಿ ಹೆಸರಿಡಬಯಸುವವರಿಗೆ ಒಂದು ವಿಶೇಷ ತೊಡಕಿದೆ. ವಿಂಡೋಸ್‌ಗೂ ಎಕ್ಸೆಲ್‌ಗೂ ಕನ್ನಡದ ಫೈಲ್ ಹೆಸರು ಸಂಪೂರ್ಣ ಒಪ್ಪಿಗೆ. ಒಪ್ಪದಿರುವುದು ವಿಬಿಎ ಎಡಿಟರ್. ಅದು ಕೋಡನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯೂನಿಕೋಡ್‌ನಲ್ಲಿ ಇಟ್ಟುಕೊಳ್ಳದೆ ಕಂಪ್ಯೂಟರಿನ ಹಳೆಯ ಎಎನ್‌ಎಸ್‌ಐ ಸಂಕೇತಪುಟದಲ್ಲಿ ಇಟ್ಟುಕೊಳ್ಳುತ್ತದೆ, ಮತ್ತು ಕನ್ನಡಕ್ಕೆ ಅಂಥ ಸಂಕೇತಪುಟವೇ ಇಲ್ಲ. ಎಡಿಟರ್‌ನಲ್ಲಿ "ವರದಿ" ಎಂದು ಅಂಟಿಸಿದರೆ ಅದು "????" ಆಗುತ್ತದೆ, ಪ್ರಶ್ನಾರ್ಥಕ ಚಿಹ್ನೆ ನಿಷಿದ್ಧವಾದ್ದರಿಂದ ಸೇವ್ ಕೂಡ ಆಗುವುದಿಲ್ಲ. ದಾರಿ ಸುಲಭವಾಗಿಯೇ ಇದೆ: ಕನ್ನಡದ ಪದವನ್ನು ಶೀಟಿನ ಒಂದು ಸೆಲ್‌ನಲ್ಲಿ ಬರೆದಿಟ್ಟು, ವೇರಿಯೇಬಲ್‌ಗೆ ಅಲ್ಲಿಂದ ಓದಿಕೊಳ್ಳಬೇಕು. ವೇರಿಯೇಬಲ್‌ನ ಒಳಗೆ ಯೂನಿಕೋಡ್ ಕೆಡದೆ ಉಳಿಯುತ್ತದೆ. ಒಂದೆರಡು ಅಕ್ಷರ ಮಾತ್ರ ಬೇಕಿದ್ದರೆ ಸಿಎಚ್‌ಆರ್‌ಡಬ್ಲ್ಯು ಫಂಕ್ಷನ್‌ಗೆ ಸಂಕೇತ ಸಂಖ್ಯೆ ಕೊಟ್ಟೂ ಪಡೆಯಬಹುದು. 3221 ಕೊಟ್ಟರೆ "ಕ" ಬರುತ್ತದೆ. ಇಲ್ಲಿ ಮೋಸಹೋಗುವ ಜಾಗವೊಂದಿದೆ: ಇಮಿಡಿಯೇಟ್ ವಿಂಡೋದಲ್ಲೂ ಮೆಸೇಜ್ ಬಾಕ್ಸ್‌ನಲ್ಲೂ ಈ ಹೆಸರು ಪ್ರಶ್ನಾರ್ಥಕಗಳಾಗಿಯೇ ಕಾಣುವುದರಿಂದ ವೇರಿಯೇಬಲ್ ಕೆಟ್ಟಿದೆ ಎನಿಸುತ್ತದೆ, ಆದರೆ ಅದು ಸರಿಯಾಗಿಯೇ ಇರುತ್ತದೆ. ಖಚಿತಪಡಿಸಿಕೊಳ್ಳಲು ಅದನ್ನು ಒಂದು ಖಾಲಿ ಸೆಲ್‌ಗೆ ಬರೆಸಿ ನೋಡಬೇಕು.

ಭಾಗಗಳೆಲ್ಲ ಸಿದ್ಧವಾದ ಮೇಲೆ ಅವನ್ನು ಸೇವ್‌ಆ್ಯಸ್ ಆದೇಶದೊಳಗೇ ಜೋಡಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಕೂಡದು. ಮೊದಲು ಒಂದು ವೇರಿಯೇಬಲ್‌ನಲ್ಲಿ ಪೂರ್ಣ ಹೆಸರನ್ನು ಕಟ್ಟಿ ಮುಗಿಸಬೇಕು, ಅದನ್ನು ಕಣ್ಣಾರೆ ನೋಡಬೇಕು, ಆಮೇಲಷ್ಟೇ ಆದೇಶದ ಕೈಗೆ ಕೊಡಬೇಕು.

ಪೂರ್ಣಹೆಸರು = ಫೋಲ್ಡರ್ & ಅಪ್ಲಿಕೇಶನ್.ಪಾತ್‌ಸೆಪರೇಟರ್ & ಶಾಖೆ & "_" & ದಿನ & ".ಎಕ್ಸ್‌ಎಲ್‌ಎಸ್‌ಎಕ್ಸ್"
ಡೀಬಗ್.ಪ್ರಿಂಟ್ "[" & ಪೂರ್ಣಹೆಸರು & "]"

ಎಡಿಟರ್‌ನಲ್ಲಿ ಕಂಟ್ರೋಲ್ ಮತ್ತು ಜಿ ಒತ್ತಿದರೆ ತೆರೆಯುವ ಇಮಿಡಿಯೇಟ್ ವಿಂಡೋದಲ್ಲಿ ಎರಡನೆಯ ಸಾಲಿನ ಫಲ ಕಾಣುತ್ತದೆ. ಎರಡು ಬದಿಗೆ ಕಂಸ ಹಾಕಿರುವುದು ಸುಮ್ಮನೆ ಅಲ್ಲ. ಹೆಸರಿನ ತುದಿಗಳಲ್ಲಿ ಅಂಟಿಕೊಂಡ ಸ್ಪೇಸ್ ಕಂಸವಿಲ್ಲದೆ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹೇಳಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು, ಅಂದರೆ ಬಿಟ್ಟುಹೋದ ಬ್ಯಾಕ್‌ಸ್ಲ್ಯಾಷ್, ದಿನಾಂಕದ ಸ್ಲ್ಯಾಷ್, ಚಿಹ್ನೆಯೊಳಗೆ ಸಿಕ್ಕಿಬಿದ್ದ ವೇರಿಯೇಬಲ್, ಖಾಲಿ ಉಳಿದ ಶಾಖೆ ಎಲ್ಲವೂ, ಈ ಒಂದು ಸಾಲಿನಲ್ಲಿ ಬಯಲಾಗುತ್ತವೆ. ಮಾಡ್ಯೂಲಿನ ಮೊದಲ ಸಾಲಿನಲ್ಲಿ ಆಪ್ಷನ್ ಎಕ್ಸ್‌ಪ್ಲಿಸಿಟ್ ಇದ್ದರೆ ವೇರಿಯೇಬಲ್‌ನ ಕಾಗುಣಿತ ತಪ್ಪಿದಾಗ ಮ್ಯಾಕ್ರೋ ಓಡುವ ಮೊದಲೇ ತಡೆಯುತ್ತದೆ. ಇಲ್ಲದಿದ್ದರೆ ತಪ್ಪು ಕಾಗುಣಿತದ ವೇರಿಯೇಬಲ್ ಖಾಲಿ ಬೆಲೆಯೊಂದಿಗೆ ಹೊಸದಾಗಿ ಹುಟ್ಟಿ, ಹೆಸರಿನಲ್ಲಿ ಒಂದು ತುಂಡು ಸದ್ದಿಲ್ಲದೆ ಕಾಣೆಯಾಗುತ್ತದೆ. ಉದ್ದದ ಮೇಲೂ ಒಂದು ಕಣ್ಣಿರಲಿ: ಫೋಲ್ಡರಿನ ದಾರಿಯೂ ಸೇರಿ ಎಕ್ಸೆಲ್ ಒಪ್ಪುವ ಮಿತಿ 218 ಅಕ್ಷರಗಳು.

ಎಕ್ಸ್‌ಟೆನ್ಷನ್ ಹೆಸರಿನ ಬಾಲ ಮಾತ್ರ. ಫೈಲಿನ ನಿಜವಾದ ಬಗೆಯನ್ನು ನಿರ್ಧರಿಸುವುದು ಸೇವ್‌ಆ್ಯಸ್‌ನ ಫೈಲ್‌ಫಾರ್ಮ್ಯಾಟ್ ಎಂಬ ಇನ್ನೊಂದು ಬೆಲೆ. ಮ್ಯಾಕ್ರೋ ಇಲ್ಲದ ವರ್ಕ್‌ಬುಕ್ಕಿಗೆ 51, ಮ್ಯಾಕ್ರೋ ಇರುವುದಕ್ಕೆ 52, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯವಾದ ಸಿಎಸ್‌ವಿಗೆ 6, ಕನ್ನಡ ಅಕ್ಷರಗಳು ಉಳಿಯಬೇಕಾದ ಯುಟಿಎಫ್-8 ಸಿಎಸ್‌ವಿಗೆ 62. ಹೆಸರೂ ಬಗೆಯೂ ಹೊಂದದಿದ್ದರೆ ಮತ್ತೆ 1004ನೆಯ ದೋಷ. ಹಲವು ಬಗೆಗಳಲ್ಲಿ ಸೇವ್ ಮಾಡುವ ಮ್ಯಾಕ್ರೋದಲ್ಲಿ ಎಕ್ಸ್‌ಟೆನ್ಷನ್‌ಗೊಂದು, ಬಗೆಯ ಸಂಖ್ಯೆಗೊಂದು ವೇರಿಯೇಬಲ್ ಇಟ್ಟು ಎರಡನ್ನೂ ಒಂದೇ ಕಡೆ ಬದಲಿಸುವುದು ಜಾಣತನ. ಸೇವ್‌ಆ್ಯಸ್ ಆದ ಮೇಲೆ ತೆರೆದಿರುವ ವರ್ಕ್‌ಬುಕ್ಕೇ ಹೊಸ ಹೆಸರಿಗೆ ಬದಲಾಗುತ್ತದೆ ಎಂಬುದನ್ನು ಮರೆತು, ಅದರ ಮುಂದಿನ ಸಾಲುಗಳಲ್ಲಿ ಹಳೆಯ ಹೆಸರಿನಿಂದ ಕರೆದರೆ 9ನೆಯ ದೋಷ ಬರುತ್ತದೆ. ಬರಿಯ ಬ್ಯಾಕಪ್ ಬೇಕಿದ್ದರೆ ಸೇವ್‌ಕಾಪಿಆ್ಯಸ್ ಸಾಕು. ಅದು ಪ್ರತಿಯೊಂದನ್ನು ಬರೆದಿಟ್ಟು ಮೂಲವನ್ನು ಇದ್ದ ಹಾಗೆಯೇ ಬಿಡುತ್ತದೆ. ಆದರೆ ಅದಕ್ಕೆ ಬಗೆ ಬದಲಿಸುವ ಶಕ್ತಿ ಇಲ್ಲ, ಆದ್ದರಿಂದ ಮೂಲದ ಎಕ್ಸ್‌ಟೆನ್ಷನ್ನನ್ನೇ ಕೊಡಬೇಕು.

ಅದೇ ಹೆಸರಿನ ಫೈಲು ಈಗಾಗಲೇ ಇದ್ದರೆ ಎಕ್ಸೆಲ್ ಬಳಕೆದಾರರನ್ನು ಕೇಳುತ್ತದೆ. ಆ ಪ್ರಶ್ನೆ ಬೇಡವೆಂದು ಡಿಸ್‌ಪ್ಲೇಅಲರ್ಟ್ಸ್ ಅನ್ನು ಆಫ್ ಮಾಡಿದರೆ ಹಳೆಯ ಫೈಲು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಅದರ ಬದಲು ಫೈಲ್‌ಸಿಸ್ಟಮ್‌ಆಬ್ಜೆಕ್ಟ್‌ನ ಫೈಲ್‌ಎಕ್ಸಿಸ್ಟ್ಸ್ ಮೂಲಕ ಹೆಸರು ಬಳಕೆಯಲ್ಲಿದೆಯೇ ಎಂದು ಕೇಳಿ, ಇದ್ದರೆ ಕೊನೆಯಲ್ಲಿ 01, 02 ಎಂದು ಸಂಖ್ಯೆ ಏರಿಸುತ್ತಾ ಖಾಲಿ ಹೆಸರು ಸಿಗುವವರೆಗೆ ಲೂಪ್ ನಡೆಸಬಹುದು. ಡಿರ್ ಫಂಕ್ಷನ್ ಕೂಡ ಇದೇ ಪ್ರಶ್ನೆಗೆ ಉತ್ತರಿಸುತ್ತದೆಯಾದರೂ ಕನ್ನಡದ ಹೆಸರುಗಳ ಮುಂದೆ ಅದು ಸೋಲುತ್ತದೆ.

ಕಟ್ಟಿದ ಹೆಸರಿನಿಂದ ಫೈಲನ್ನು ತೆರೆಯುವಾಗ ವರ್ಕ್‌ಬುಕ್ಸ್.ಓಪನ್‌ಗೆ ಪೂರ್ಣ ದಾರಿ ಬೇಕು. ತೆರೆದಿರುವ ಫೈಲನ್ನು ವರ್ಕ್‌ಬುಕ್ಸ್(ಹೆಸರು) ಎಂದು ಕರೆಯುವಾಗ ದಾರಿಯಿಲ್ಲದ ಬರಿಯ ಹೆಸರು ಬೇಕು. ಒಂದೇ ವೇರಿಯೇಬಲ್ಲನ್ನು ಎರಡೂ ಕಡೆ ಬಳಸಿದರೆ ಒಂದು ಕಡೆ ಖಂಡಿತ ತಪ್ಪುತ್ತದೆ. ಓಪನ್ ಮರಳಿಸುವ ವರ್ಕ್‌ಬುಕ್ಕನ್ನೇ ಸೆಟ್ ಮೂಲಕ ಒಂದು ವೇರಿಯೇಬಲ್‌ನಲ್ಲಿ ಹಿಡಿದಿಟ್ಟುಕೊಂಡರೆ ಮುಂದೆ ಹೆಸರಿನ ಹಂಗೇ ಇರುವುದಿಲ್ಲ.

ಲಿಬ್ರೆಆಫೀಸ್ ಕ್ಯಾಲ್ಕ್‌ನ ಬೇಸಿಕ್‌ನಲ್ಲಿಯೂ & ಚಿಹ್ನೆಯೇ ಬೆಸೆಯುವುದು, ಆದರೆ ಅಲ್ಲಿ ದಾರಿಯನ್ನು ಕನ್ವರ್ಟ್‌ಟುಯುಆರ್‌ಎಲ್ ಮೂಲಕ ವಿಳಾಸವಾಗಿ ತಿರುಗಿಸಿಕೊಂಡು ಕೊಡಬೇಕು. ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟ್ ಆದ್ದರಿಂದ + ಚಿಹ್ನೆಗೆ ಅಲ್ಲಿ ಮಾನ್ಯತೆ ಇದೆ. ದಿನಾಂಕದ ರೂಪದಲ್ಲಿ ದೊಡ್ಡ ಎಂಎಂ ತಿಂಗಳು, ಚಿಕ್ಕದು ನಿಮಿಷ. ಗೂಗಲ್ ಡ್ರೈವ್ ಫೈಲನ್ನು ಗುರುತಿಸುವುದು ಹೆಸರಿನಿಂದಲ್ಲ, ಅದರ ಐಡಿಯಿಂದ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳು ಯಾವ ಎಚ್ಚರಿಕೆಯೂ ಇಲ್ಲದೆ ಅಕ್ಕಪಕ್ಕ ಇರಬಲ್ಲವು.

ಹಳೆಯ ಫೈಲುಗಳನ್ನು ಅಳಿಸುವ ಕಿಲ್ ಆದೇಶಕ್ಕೆ ವೇರಿಯೇಬಲ್‌ನಿಂದ ಕಟ್ಟಿದ ಹೆಸರನ್ನು ಕೊಡುವಾಗ ಮಾತ್ರ ಇಮ್ಮಡಿ ಎಚ್ಚರ ಬೇಕು. ಫೋಲ್ಡರ್ & "\" & ಶಾಖೆ & "*.ಎಕ್ಸ್‌ಎಲ್‌ಎಸ್‌ಎಕ್ಸ್" ಎಂಬ ಹೆಸರಿನಲ್ಲಿ ಶಾಖೆ ಖಾಲಿಯಾಗಿದ್ದರೆ ಉಳಿಯುವುದು ನಕ್ಷತ್ರ ಚಿಹ್ನೆ ಮಾತ್ರ, ಅಂದರೆ ಆ ಫೋಲ್ಡರಿನ ಎಲ್ಲ .ಎಕ್ಸ್‌ಎಲ್‌ಎಸ್‌ಎಕ್ಸ್ ವರ್ಕ್‌ಬುಕ್ಕುಗಳು, ಮತ್ತು ಕಿಲ್ ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಈ ಸಾಲಿಗೆ ಮೊದಲು ಶಾಖೆಯ ಉದ್ದವನ್ನು ಲೆನ್ ಫಂಕ್ಷನ್‌ನಿಂದ ನೋಡಿ, ಅದು ಸೊನ್ನೆಯಾಗಿದ್ದರೆ ಎಕ್ಸಿಟ್ ಸಬ್ ಎಂದು ಬರೆದು ಮ್ಯಾಕ್ರೋವನ್ನು ಅಲ್ಲಿಯೇ ನಿಲ್ಲಿಸಬೇಕು.